ಸಾಲಿನ ನಾಲ್ಕನೇ ಗಾಡಿ

ಜನ್ಮದಲ್ಲಿ ಒಂದು ಸಲವೂ ಹೊತ್ತಿಗೆ ಸರಿಯಾಗಿ ಬಾರದ ವಿಮಾನ ಅವತ್ತು ಮೊದಲೇ ಬಂದು ಇಳಿದುಬಿಟ್ಟಿತು. ನಿಲ್ದಾಣದ ಹೊರಗೆ ಟ್ಯಾಕ್ಸಿ ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತಿದ್ದ ಕಿರಿಮಗಳು ಮುಂದಿನ ಮೂರು ಗಾಡಿಗಳನ್ನು ಮತ್ತೆ ಎಣಿಸಿದಳು. ಆ ವಿಮಾನದಲ್ಲಿ ಅವಳ ಅಪ್ಪ ಬರುತ್ತಿದ್ದ.

ಅಪ್ಪ ಇದೇ ಊರಲ್ಲಿ ಮಂಡಿ ಸವೆಯುವ ತನಕ ಟ್ಯಾಕ್ಸಿ ಓಡಿಸಿದವನು. ಮಗಳು ಸ್ಟಿಯರಿಂಗ್ ಮುಟ್ಟಿದರೆ ಸಾಕು, "ಇದೇನು ಸಾರಿನಲ್ಲಿ ಸೌಟು ಆಡಿಸೋದು ಅಂದ್ಕೊಂಡ್ಯಾ?" ಎಂದು ಕೈ ಕಿತ್ತುಹಾಕುತ್ತಿದ್ದ. ಮಂಡಿಯ ಆಪರೇಷನ್ನಿಗೆಂದು ಅವನು ಹಿರಿಮಗಳ ಊರಿಗೆ ಹೋದದ್ದೇ ತಡ, ಇವಳು ಲೈಸೆನ್ಸ್ ತೆಗೆದುಕೊಂಡು, ಬಾಡಿಗೆಗೊಂದು ಗಾಡಿ ಹಿಡಿದು, ಇಲ್ಲಿ ಸಾಲಿಗೆ ನಿಂತುಬಿಟ್ಟಳು. ಅಪ್ಪನಿಗೆ ಗುಟ್ಟು ಬಿಟ್ಟುಕೊಡಬೇಡ ಎಂದು ಅಕ್ಕನಿಗೆ ಗಿಣಿಗೆ ಹೇಳಿದ ಹಾಗೆ ಹೇಳಿದ್ದಳು.

ಅವಳ ಆಸೆ ಒಂದೇ. ಅಪ್ಪ ಗಿರಾಕಿಯಾಗಿ ತನ್ನ ಗಾಡಿ ಹತ್ತಬೇಕು. ಕರೆದುಕೊಂಡು ಹೋಗಲು ಬಂದರೆ ಅವಳು ಬರೀ ಮನೆಮಗಳು. ಪಾಳಿ ಬಂದು ಬಾಗಿಲು ತೆರೆದರೆ ಡ್ರೈವರ್. ಅದನ್ನು ಅಪ್ಪ ಒಪ್ಪದಿದ್ದರೆ ಊರೆಲ್ಲ ಒಪ್ಪಿ ಏನು ಬಂತು!

ಆದರೆ ಇಲ್ಲಿನ ಕಟ್ಟಳೆ ಭಾರೀ ಗಟ್ಟಿ. ಮೊದಲ ಗಾಡಿಗೇ ಮೊದಲ ಗಿರಾಕಿ. ಅಡ್ಡ ನುಗ್ಗಿದವರನ್ನು ಮೇಲ್ವಿಚಾರಕ ಸೀಟಿ ಊದಿ ಸಾಲಿನ ಬಾಲಕ್ಕೆ ಅಟ್ಟುತ್ತಿದ್ದ. ಅದಕ್ಕೇ ಅವನಿಗೆ ಸೀಟಿ ಎಂದೇ ಹೆಸರು. ಅವಳು ಓಡಿಹೋಗಿ ಮುಂದಿನ ಮೂವರ ಕೈಕಾಲು ಹಿಡಿದಳು. "ಅಣ್ಣಾ, ಕೋಲು ಹಿಡ್ಕೊಂಡು ನಮ್ಮಪ್ಪ ಬರ್ತಾನೆ. ಏನಾದ್ರೂ ಹೇಳಿ ನನ್ನ ಗಾಡಿಗೆ ಕಳಿಸಿ."

ಮೂವರೂ ಹೂಂ ಎಂದರು. ಬರುವವನು ಹಳೇ ಡ್ರೈವರು ಎನ್ನುವುದನ್ನು ಮಾತ್ರ ಅವಸರದಲ್ಲಿ ಹೇಳಲು ಮರೆತಳು ಮಹಾತಾಯಿ.

ಅಪ್ಪ ಪೆಟ್ಟಿಗೆ ಉರುಳಿಸಿಕೊಂಡು ಬಂದ. ಮೊದಲ ಗಾಡಿಯ ದಪ್ಪ ಮೀಸೆಯವನು ಮುಖ ಸಪ್ಪಗೆ ಮಾಡಿಕೊಂಡು, "ಸ್ಟಾರ್ಟ್ ಆಗ್ತಿಲ್ಲ ಯಜಮಾನ್ರೇ" ಎಂದ.

"ಬಾನೆಟ್ ಎತ್ತು" ಎಂದ ಅಪ್ಪ, ತೋಳು ಮಡಚುತ್ತಾ.

ಮೀಸೆ ಕಕ್ಕಾಬಿಕ್ಕಿಯಾಗಿ ಎತ್ತಿದ. ಅಪ್ಪ ಬಗ್ಗಿ ಅದನ್ನು ಮುಟ್ಟಿ, ಇದನ್ನು ಅಲ್ಲಾಡಿಸಿ, "ಈಗ ಕೀ ತಿರುಗಿಸು" ಎಂದ. ಎಂಜಿನ್ ಒಂದೇ ಏಟಿಗೆ ಗುರ್ ಎಂದಿತು. ಕಳ್ಳನಿಗೊಂದು ಪಿಳ್ಳೆ ನೆವ ಎಂದರೂ ನೆವ ನಿಲ್ಲಬೇಕಲ್ಲ. ಎರಡನೆಯವನು ತಾನಾಗಿಯೇ ತಲೆ ಹಾಕಿ, "ನನ್ನ ಗಾಡೀಲಿ ಎಸಿ ಕೆಟ್ಟಿದೆ" ಎಂದ. ಮೂರನೆಯವನು ಯಾರೂ ಕೇಳದೆಯೇ ಹೊಟ್ಟೆ ಹಿಡಿದುಕೊಂಡ.

ಅಪ್ಪ ಮೂವರನ್ನೂ ದಿಟ್ಟಿಸಿದ. "ನಿಮ್ಮ ವಯಸ್ಸಲ್ಲಿ ನಾವೂ ಇದೇ ನಾಟಕ ಆಡ್ತಿದ್ವಿ ಕಣ್ರಯ್ಯಾ. ಯಾರಿಗೆ ಉಳಿಸ್ತಿದೀರಿ ಗಿರಾಕೀನ?"

ಮೂವರ ಕಣ್ಣೂ ಒಟ್ಟಿಗೆ ನಾಲ್ಕನೇ ಗಾಡಿಯತ್ತ ಹೊರಳಿದವು.

ಕೋಲು ಕುಟ್ಟುತ್ತಾ ಅಪ್ಪ ಬಂದು ಕಿಟಕಿಗೆ ಬಗ್ಗಿದ. ಅವನು ಮಗಳ ಮುಖ ನೋಡಿದ, ಸ್ಟಿಯರಿಂಗ್ ಮೇಲಿನ ಕೈ ನೋಡಿದ, ಗಾಜಿಗೆ ಅಂಟಿಸಿದ್ದ ಪರವಾನಗಿಯ ಫೋಟೊ ನೋಡಿದ.

"ಯಾವಾಗಿಂದ?"

"ನೀನು ಹೋದ ಮುಂದಿನ ತಿಂಗಳಿಂದ ಅಪ್ಪಾ."

ಅವನು ಗಾಡಿಗೆ ಒಂದು ಸುತ್ತು ಬಂದ. ನಾಲ್ಕೂ ಟೈರು ಒದ್ದು ನೋಡಿದ. ಅವಳು ಹಿಂದಿನ ಬಾಗಿಲು ತೆರೆಯಲು ಇಳಿದಳು.

"ಪಾಳಿ ತಪ್ಪಿಸಿ ಗಿರಾಕಿ ಹತ್ತಿಸಿಕೊಳ್ಳೋದನ್ನ ಯಾರು ಹೇಳಿಕೊಟ್ರು ನಿಂಗೆ?" ಎಂದವನೇ ಪೆಟ್ಟಿಗೆ ಎಳೆದುಕೊಂಡು ತಿರುಗಿ ಮೀಸೆಯ ಗಾಡಿಯತ್ತ ನಡೆದ.

ಇಷ್ಟು ದಿನದ ಸಂಭ್ರಮವೆಲ್ಲ ನೀರಿನಲ್ಲಿ ಹೋಮವಾಯಿತಲ್ಲ ಎಂದು ಅವಳು ಬಾಗಿಲಿನ ಹಿಡಿಯಿಂದ ಕೈ ತೆಗೆದಳು. ಮೀಸೆ ಪಾಪ, ಅವಳತ್ತ ನೋಡಲಾರದೆ ಡಿಕ್ಕಿ ತೆರೆದು ನಿಂತ.

ಅಪ್ಪ ಡಿಕ್ಕಿ ದಾಟಿ ಹೋದ. ಸೀಟಿಯ ಪಕ್ಕದಲ್ಲಿ ಪೆಟ್ಟಿಗೆ ಅಡ್ಡ ಮಲಗಿಸಿ, ಅದರ ಮೇಲೆ ಕುಳಿತು, ಮಂಡಿ ನೀವಿಕೊಂಡ.

"ಹತ್ತಿ ಯಜಮಾನ್ರೇ, ಮೊದಲ ಗಾಡಿ ನಿಮ್ಮದೇ" ಎಂದ ಸೀಟಿ.

"ನನ್ನ ಹಿಂದಿನವರನ್ನ ಕಳಿಸಪ್ಪಾ" ಎಂದ ಅಪ್ಪ, ಇಡೀ ಸಾಲಿಗೆ ಕೇಳುವ ಹಾಗೆ. "ನಮ್ಮ ಡ್ರೈವರ್ ಪಾಳಿ ಇನ್ನೂ ಬಂದಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಮೀಸೆಯ ಗಾಡಿ ಹೋಯಿತು. ಎಸಿ ಕೆಟ್ಟವನು ತಣ್ಣಗೆ ಎಸಿ ಹಾಕಿಕೊಂಡು ಹೋದ. ಹೊಟ್ಟೆನೋವಿನವನು ಹಲ್ಲು ಕಿರಿಯುತ್ತಾ ಹೋದ. ಪ್ರತಿ ಸಲವೂ ಅವಳು ಗಾಡಿಯನ್ನು ಒಂದಿಷ್ಟೂ ಕುಲುಕದಂತೆ ಮುಂದೆ ತಂದು ನಿಲ್ಲಿಸಿದಳು. ಅಪ್ಪ ಬೇರೆಲ್ಲೋ ನೋಡುತ್ತಿದ್ದವನಂತೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ.

ಅವಳ ಪಾಳಿ ಬಂತೆಂದು ಸೀಟಿ ತನ್ನ ಸೀಟಿ ಊದಿದ. ಅಪ್ಪ ಕೋಲೂರಿ ಎದ್ದು ಬಂದು, ಅವಳು ತೆರೆದ ಬಾಗಿಲಿನಿಂದ ಹಿಂದಿನ ಸೀಟಿನಲ್ಲಿ ಕುಳಿತ.

"ಎಲ್ಲಿಗೆ ಸರ್?" ಎಂದಳು.

"ಮನೆಗೆ" ಎಂದ ಅಪ್ಪ. "ಮೀಟರ್ ಹಾಕಮ್ಮಾ."