ವಿಯೊಲಾಂತೆ ಅಜ್ಜಿ ಚೆಲ್ಲುತ್ತಿದ್ದ ನೀರು

"ನಮ್ಮವರಲ್ಲಿ ಯಾರಾದ್ರೂ ಸತ್ತರೆ ತುಂಬಿಟ್ಟ ನೀರೆಲ್ಲ ಚೆಲ್ಲಬೇಕಲ್ವೇ ಮಗಳೇ? ಲಿಸ್ಬನ್ನಿನಲ್ಲಿ ನೆರೆಹೊರೆಯೋರು ಅದನ್ನೇ ಕಾಯ್ಕೊಂಡು ಕೂತಿರೋರು. ನೀರು ಚೆಲ್ಲಿದ ಮನೆ ಗುಟ್ಟಾಗಿ ಬಾಳೋ ಯೆಹೂದ್ಯರದು ಅಂತ ಪಾದ್ರಿಗಳ ವಿಚಾರಣೆಗೆ ಹಿಡಿದುಕೊಡೋರು. ನನ್ನಪ್ಪ ಸತ್ತ ದಿನ ಅಮ್ಮ ಒಂದೇ ಒಂದು ಕೊಡ ಚೆಲ್ಲಿದ್ಲು. ಸಾಯಂಕಾಲ ಬಂದು ಅವಳನ್ನ ಕರಕೊಂಡು ಹೋದ್ರು, ಅಮ್ಮ ಮತ್ತೆ ಬರಲೇ ಇಲ್ಲ. ಅವತ್ತಿಂದ ನಾನು ದಿನಾ ಚೆಲ್ತೀನಿ. ದಿನಾ ಚೆಲ್ಲೋಳ ಮನೇಲಿ ಸಾವು ಯಾವತ್ತಾಯ್ತು ಅಂತ ಯಾರು ಹೇಳ್ತಾರೆ, ಹೇಳು?"

ಯಾಕೆ ಚೆಲ್ತೀ ಅಂದವರಿಗೆ ಹೀಗೆನ್ನುತ್ತಿದ್ದ ವಿಯೊಲಾಂತೆ ಅಜ್ಜಿ ಆಮ್‌ಸ್ಟರ್‌ಡ್ಯಾಮಿಗೆ ಬಂದು ಮೂವತ್ತು ವರ್ಷವಾಗಿತ್ತು. ಯೆಹೂದ್ಯರೇ ತುಂಬಿದ ನಮ್ಮ ಕಾಲುವೆ ಓಣಿಯಲ್ಲಿ ಹಿಡಿದುಕೊಡುವವರು ಯಾರೂ ಇಲ್ಲ. ಆದರೂ ಎಡಗಾಲನ್ನು ತುಸು ಎಳೆಯುತ್ತ, ಲಿಸ್ಬನ್ನಿನಿಂದ ತಂದ ಕಪ್ಪು ಮೇಲಂಗಿಯ ಕೊರಳಗುಂಡಿಯನ್ನು ಬೇಸಿಗೆಯಲ್ಲೂ ಬಿಚ್ಚದೆ, ಪ್ರತಿ ಮುಂಜಾನೆ ಹೊಸ್ತಿಲಿಗೆ ಬಂದು, ಬೀದಿಯ ಎರಡೂ ಕಡೆ ನೋಡಿ, ತುಂಬಿದ ಕೊಡವನ್ನು ಮೆಲ್ಲನೆ ಬಗ್ಗಿಸುವಳು. ಕುಡಿಯುವ ನೀರು ದೋಣಿಯಲ್ಲಿ ಬರುವ ಊರು ಇದು. "ನಿಮ್ಮಜ್ಜಿ ಕಾಲುವೆಗೇ ನೀರು ಕುಡಿಸ್ತಾಳಲ್ಲ! ಇಂಥೋರು ಇನ್ನಿಬ್ಬರಿದ್ರೆ ನಾನು ಹೊಸ ದೋಣಿ ಕಟ್ಟಿಸ್ತಿದ್ದೆ" ಎಂದು ನೀರಿನವನು ನಗುವನು.

ಪಕ್ಕದ ಮನೆಯ ಜುದಿಕಾಳಿಗೆ ನಗು ಬರುತ್ತಿರಲಿಲ್ಲ. ಮಗಳು ರಿಬ್ಕಾ ಜ್ವರದಲ್ಲಿ ಮಲಗಿದ ಮೇಲೆ, ಆ ನೀರಿನ ಸದ್ದು ಕೇಳಿದಾಗಲೆಲ್ಲ ಓಡಿಹೋಗಿ ಕೂಸಿನ ಮೂಗಿಗೆ ಬೆರಳು ಹಿಡಿಯುವಳು. ಕೊನೆಗೊಂದು ದಿನ ಅಜ್ಜಿಯ ಕೈ ಹಿಡಿದುಕೊಂಡಳು. "ಮಗು ಏಳೋವರೆಗೆ ಬೇಡ ಅಜ್ಜೀ. ಸಾವನ್ನ ಕೂಗಿ ಕರೆದ ಹಾಗಾಗುತ್ತೆ."

ಅಜ್ಜಿ ತುಂಬಿದ ಕೊಡವನ್ನು ಒಳಗಿಟ್ಟಳು. "ಆಗಲಿ. ಆದ್ರೆ ಇನ್ನು ಚೆಲ್ಲಿದ ದಿನ ಸಾವಾಯ್ತು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತಲ್ಲೇ" ಎಂದಳು.

ಮೂರು ಮುಂಜಾನೆ ಸದ್ದಿರಲಿಲ್ಲ. ನಾಲ್ಕನೆಯ ಮುಂಜಾನೆ ನೀರು ಬಿತ್ತು. ಜುದಿಕಾ ಹಾಸಿಗೆಗೆ ಹಾರಿದಳು. ರಿಬ್ಕಾಳ ಹಣೆ ಬೆವೆತಿತ್ತು, ಜ್ವರ ಇಳಿದಿತ್ತು. "ಅಮ್ಮಾ, ನೀರು" ಎಂದಿತು ಮಗು. ಎರಡು ಗುಟುಕು ಕುಡಿಸಿ ಅವಳು ಪಕ್ಕದ ಮನೆಗೆ ಓಡಿದಳು.

ಹೊಸ್ತಿಲಿನಿಂದ ನೀರು ಇನ್ನೂ ಹರಿಯುತ್ತಿತ್ತು. ಕೊಡ ಅಲ್ಲೇ ಬೋರಲಾಗಿತ್ತು. ಒಳಗೆ ಅಜ್ಜಿ ಕೊರಳಗುಂಡಿ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಮೈ ಸೆಟೆದುಹೋಗಿತ್ತು. ಪ್ರಾಣ ಹೋದದ್ದು ಹಿಂದಿನ ಸಂಜೆಯೇ ಎಂದರು, ಹೆಣ ತೊಳೆಯಲು ಬಂದ ಹೆಂಗಸರು. ನೀರು ಚೆಲ್ಲಿದವರು ಯಾರೆಂದು ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಅಡಗಿ ಬಾಳಿದವರ ಭಯ ಊರು ಬಿಟ್ಟರೂ ಬಿಡುವುದಿಲ್ಲ, ಮನೆಗೆಲಸದಂತೆ ಕೈಗೆ ಅಂಟಿರುತ್ತದೆ. ತಮ್ಮದೊಂದು ನಿಜವನ್ನು ಬೀದಿಗೆ ಹೇಳಲು ಅಂಥವರು ಸಾಯುವವರೆಗೂ ಕಾಯುತ್ತಾರೆ, ಕೆಲವರು ಅದಕ್ಕಿಂತ ತುಸು ಹೆಚ್ಚೇ.

ಜುದಿಕಾ ತನ್ನ ಕೊಡವನ್ನು ತಂದು ಎಲ್ಲರೂ ನೋಡುವಂತೆ ಬಾಗಿಲ ಮುಂದೆ ಚೆಲ್ಲಿದಳು. ಓಣಿಯುದ್ದಕ್ಕೂ ಒಂದೊಂದೇ ಬಾಗಿಲು ತೆರೆದು ನೀರು ಬಿತ್ತು. ಆಮೇಲೆ, ಒಳಗಿನಿಂದ ಮತ್ತೆ ನೀರು ಕೇಳುತ್ತಿದ್ದ ಮಗಳಿಗಾಗಿ, ಬರಿಗೊಡವನ್ನು ಸೊಂಟಕ್ಕಿಟ್ಟು ದೋಣಿಯ ಕಡೆ ನಡೆದಳು.