ಹನ್ನೆರಡನೆಯ ಆಣೆ

"ಇಂಥ ಸುಳ್ಳಿಗೆ ನಾನು ಸಹಿ ಹಾಕೋದಿಲ್ಲ ತಾಯಿ," ಎಂದು ನಾಗೇಂದ್ರ ಕಾಗದವನ್ನು ಮೇಜಿನ ಆಚೆಗೆ ತಳ್ಳಿದ. ಎದುರಿಗೆ ಕೂತಿದ್ದ ಮೈಥಿಲಿ ಅದನ್ನು ಮೆಲ್ಲಗೆ ಮತ್ತೆ ಅವನ ಮುಂದಕ್ಕೆ ಸರಿಸಿದಳು.

ಅವಳ ಗಂಡ ಬಾಲಕೃಷ್ಣ ಕುಡಿದ ಅಮಲಿನಲ್ಲಿ ಕಾರು ಓಡಿಸಿ, ಪ್ರಾಸ್ಪೆಕ್ಟ್ ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳಿಗೆ ಗುದ್ದಿದ್ದ. ಆಸ್ಪತ್ರೆಯಲ್ಲಿ ಅವಳ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ತಪ್ಪೊಪ್ಪಿಕೊಂಡದ್ದಾಗಿತ್ತು, ಸೋಮವಾರ ಶಿಕ್ಷೆ. ಜೈಲು ತಪ್ಪಬೇಕಾದರೆ ಅವನ ನಡತೆ ಬಲ್ಲವರು ಕೋರ್ಟಿಗೆ ಬರೆದ ಪತ್ರಗಳು ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು ಎಂದಿದ್ದ ವಕೀಲ. ಈ ಪರದೇಶದ ಊರಿನಲ್ಲಿ ಆಗಲೇ ಹನ್ನೊಂದು ಕನ್ನಡದ ಮನೆಗಳು ಒಂದೇ ಅಚ್ಚಿನ ಪತ್ರಕ್ಕೆ ಸಹಿ ಹಾಕಿದ್ದವು: ಈತ ಕುಡಿದು ಗಾಡಿ ಓಡಿಸಿದ್ದನ್ನು ನಾವು ಹಿಂದೆಂದೂ ಕಂಡಿಲ್ಲ.

"ಹನ್ನೊಂದು ಜನಕ್ಕೂ ಕಣ್ಣು ಕುರುಡಾ?"

ಕಿಟಕಿಯ ಬಳಿ ಪರೀಕ್ಷೆಗೆ ಓದುತ್ತಿದ್ದ ನಾಗೇಂದ್ರನ ಮಗಳು ರಂಜನಿ ನಕ್ಕಳು. ಬೆಡ್‌ಫರ್ಡ್ ಪಾರ್ಕಿನ ಯೂನಿವರ್ಸಿಟಿಯಲ್ಲಿ ಅವಳಿಗೆ ಈ ಸಲ ಇಂಗ್ಲೆಂಡಿನ ಹಳೇ ಕಾನೂನಿನ ಪಾಠ.

"ಸಾವಿರ ವರ್ಷದ ಹಿಂದೆ ಅಲ್ಲೂ ಸೇಮ್ ಅಪ್ಪಾ. ಆರೋಪಿ 'ನಾನು ಮಾಡಿಲ್ಲ' ಅಂತ ಆಣೆ ಇಡ್ತಾನೆ, ಹನ್ನೆರಡು ಜನ ಬಂದು 'ಇವನ ಆಣೆ ಕ್ಲೀನ್' ಅಂತ ತಾವೂ ಆಣೆ ಇಟ್ರೆ ಸಾಕು, ಹೀ ವಾಕ್ಸ್, ಬಿಡುಗಡೆ. ಏನೂ ನೋಡಿರೋದೇ ಬೇಡ."

"ಸುಳ್ಳಾಣೆ ಆದ್ರೆ?"

"ಸಿಕ್ಕಿಬಿದ್ರೆ, ಸತ್ತಮೇಲೆ ಹೂಳೋಕೆ ಚರ್ಚಿನ ಮಣ್ಣೂ ಸಿಗಲ್ಲ."

"ಕೇಳಿದ್ಯಾ?" ನಾಗೇಂದ್ರ ಮೈಥಿಲಿಯತ್ತ ಗುಡುಗಿದ. "ಹೋಗ್ಲಿ ಬಿಡು ನಿನ್ನ ಗಂಡ ಜೈಲಿಗೆ! ಆಗ್ಲಾದ್ರೂ ಬುದ್ಧಿ ಬರುತ್ತೆ."

ಮೈಥಿಲಿ ಅಳಲಿಲ್ಲ. ರಂಜನಿ ಇದ್ದಾಳೆಂದು ದನಿ ತಗ್ಗಿಸಲೂ ಇಲ್ಲ.

"ಆವತ್ತು ಬಾರ್ಬೆಕ್ಯೂ ಇದ್ದದ್ದು ನಿಮ್ಮನೇಲೇ ಅಲ್ವಾ ಅಣ್ಣಾ? ನಾನು ಇವರ ಕೈಯಿಂದ ಕಾರಿನ ಕೀ ಕಿತ್ಕೊಳ್ಳೋಕೆ ಹೋದ್ರೆ, 'ನಾಲ್ಕು ಜನದ ಮುಂದೆ ಗಂಡನ ಮಾನ ಕಳೀಬೇಡ, ನಾಲ್ಕು ಬೀದಿ ದಾಟಿದ್ರೆ ಮನೆ' ಅಂದ್ರಿ. ಗೇಟೂ ನೀವೇ ತೆಗೆದ್ರಿ. ನಾನು ಮಗು ಎತ್ಕೊಂಡು ನಡೆದೇ ಹೋದೆ." ಕಾಗದವನ್ನು ಇನ್ನೊಂದಿಷ್ಟು ಅವನತ್ತ ಸರಿಸಿದಳು. "ಇದನ್ನ ನಾನು ಪೊಲೀಸರಿಗೆ ಹೇಳಿಲ್ಲ."

"ಅಪ್ಪಾ?" ಎಂದಳು ರಂಜನಿ.

ನಾಗೇಂದ್ರ ಮಗಳ ಕಡೆ ತಿರುಗದೆ ಜೇಬಿನಿಂದ ಮಸಿಪೆನ್ನು ತೆಗೆದ. ಕಾಗದ ಹರಿಯುವ ಹಾಗೆ ಒತ್ತಿ ಸಹಿ ಮಾಡಿದ.

ಮೈಥಿಲಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೂಸಿನ ಹಾಲು ಆರಿಸುವವಳಂತೆ, ಹಸಿ ಮಸಿಯ ಮೇಲೆ ಮೆಲ್ಲಗೆ ಊದತೊಡಗಿದಳು.