ದೋಣಿ ಮೊದಲೋ, ಒಡ್ಡು ಮೊದಲೋ

೧೯೮೩ರ ಮಳೆಗಾಲ. ಮರಾಠಿ ನಾಡಿನ ಶಿವಾಜಿನಗರದ ಕಾಲೇಜೊಂದರ ಸಭಾಂಗಣಕ್ಕೆ ಸುಣ್ಣ ಬಳಿದು ಮುಗಿಸಿದ್ದ ಹುಲಿಗೆಪ್ಪ, ಅವ್ವಮ್ಮ ದಂಪತಿಗೆ ಇನ್ನೊಂದು ಕೆಲಸ ಬಿತ್ತು. ಕೆನಡಾದ ಚಿತ್ರಗಾರ್ತಿಯೊಬ್ಬರ ನಾಲ್ಕು ದೊಡ್ಡ ಚಿತ್ರಗಳನ್ನು ಗೋಡೆಗೆ ತೂಗುಹಾಕಬೇಕಿತ್ತು. ಪೆಟ್ಟಿಗೆಗೆ ನೀರಿಳಿದು ಕ್ರಮ ತೋರಿಸುವ ಚೀಟಿಗಳ ಅಂಕಿಗಳು ಅಳಿಸಿಹೋಗಿದ್ದವು. ಚಿತ್ರಗಾರ್ತಿಯನ್ನು ಕರೆತರಲು ಸ್ಟೇಷನ್ನಿಗೆ ಹೊರಟಿದ್ದ ಕಾಲೇಜಿನ ಮಧುಕರ ಮಾಸ್ತರರು, “ಹೇಗೋ ಹಾಕಿಬಿಡಿ” ಎಂದು ಮರಾಠಿಯಲ್ಲಿ ಹೇಳಿ ಓಡಿದರು.

ಒಂದು ಚಿತ್ರದಲ್ಲಿ ಮಂದಿ ಕಡಲ ಪಕ್ಕ ಮಣ್ಣಿನ ಒಡ್ಡು ಕಟ್ಟುತ್ತಿದ್ದರು. ಒಂದರಲ್ಲಿ ಪಿಟೀಲು, ಕುಣಿತ, ಮದುವೆ. ಮತ್ತೊಂದರಲ್ಲಿ ಊರಿಗೆ ಊರೇ ಉರಿಯುತ್ತಿತ್ತು. ಇನ್ನೊಂದರಲ್ಲಿ ತಾಯಿ ಒಂದು ದೋಣಿಯಲ್ಲಿ, ಮಗಳು ಇನ್ನೊಂದರಲ್ಲಿ.

“ಬಿಳೀ ಮಂದೀನೂ ಮಣ್ಣು ಹೊರತಾರೇನ್ರಿ?” ಎಂದಳು ಅವ್ವಮ್ಮ.

“ಹೊತ್ತಾರಲ್ಲ ನೋಡು,” ಎಂದ ಹುಲಿಗೆಪ್ಪ ಏಣಿಯ ಮೇಲಿಂದ. “ಮೊದಲ ಯಾವುದು ಕೊಡ್ತಿ?”

ಅವ್ವಮ್ಮ ತಮ್ಮದೇ ಬಾಳಿನ ಲೆಕ್ಕ ಹಿಡಿದಳು. ತಮ್ಮೂರು ಯಾದಗಿರಿ ಬಿಟ್ಟು ಬಂದ ಮೇಲೆಯೇ ಅವರು ಮಣ್ಣು ಹೊತ್ತದ್ದು, ಆಮೇಲೆಯೇ ಮಗಳ ಮದುವೆ ಮಾಡಿದ್ದು. ಹಾಗಾಗಿ ಬೆಂಕಿ, ದೋಣಿ, ಒಡ್ಡು, ಮದುವೆ ಎಂದು ಒಂದೊಂದಾಗಿ ಎತ್ತಿಕೊಟ್ಟಳು.

ಚಿತ್ರಗಾರ್ತಿಯೊಂದಿಗೆ ಬಂದ ಮಾಸ್ತರರು ತಲೆ ಚಚ್ಚಿಕೊಂಡರು. “ಉಲ್ಟಾ ಆಯಿತು! ಒಡ್ಡು, ಮದುವೆ ಮೊದಲು. ಇವರ ಹಿರಿಯರು ಕೆನಡಾದ ಕಡಲಂಚಿನ ಅಕೇಡಿಯಾ ಅನ್ನೋ ನಾಡಿನ ಫ್ರೆಂಚ್ ರೈತರು. ಇಂಗ್ಲಿಷ್ ಸಿಪಾಯಿಗಳು ಅವರ ಊರು ಸುಟ್ಟು, ಹಡಗಿಗೆ ತುಂಬಿ ಓಡಿಸಿದರು. ಅಲ್ಲಿಗೆ ಮುಗೀತು.”

ಅವ್ವಮ್ಮ ಮುರುಕು ಮರಾಠಿಯಲ್ಲಿ ಕೇಳಿದಳು: “ದೋಣಿಯಲ್ಲೇ ಮುಗಿದರೆ ಈ ಅಮ್ಮನವರು ಎಲ್ಲಿಂದ ಹುಟ್ಟಿದರು?”

ಮಾಸ್ತರರು ನಾಚುತ್ತಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಚಿತ್ರಗಾರ್ತಿ ಒಡ್ಡಿನ ಚಿತ್ರದ ಮುಂದೆ ಹೋಗಿ ಮಾಸ್ತರರಿಗೆ ಇಂಗ್ಲಿಷಿನಲ್ಲಿ ಹೇಳತೊಡಗಿದರು. ತಮ್ಮ ಮುತ್ತಜ್ಜಿಯ ಹಿರಿಯರು ಆ ಬಳಿಕ ನಡೆದೇ ಮರಳಿದ್ದರಂತೆ, ತಮ್ಮ ಹೊಲದಲ್ಲಿ ಆಗಲೇ ಬೇರೆಯವರಿದ್ದರಂತೆ, ದೂರದ ಜೌಗಿನಲ್ಲಿ ಮತ್ತೆ ಒಡ್ಡು ಕಟ್ಟಿದರಂತೆ. “ನಾನು ಬರೆದದ್ದು ಹಳೆಯ ಒಡ್ಡೋ, ಹೊಸದೋ? ನನಗೇ ತಿಳಿಯದಾಯಿತು. ಹೀಗೇ ಇರಲಿ,” ಎಂದರು. ಮಾಸ್ತರರು ಅವ್ವಮ್ಮನಿಗೆ ಮರಾಠಿಯಲ್ಲಿ ತಿಳಿಸಿದ್ದು ಆ ಕೊನೆಯ ಮಾತನ್ನಷ್ಟೇ.

ಆಮೇಲೆ ಅವ್ವಮ್ಮನ ಸುಣ್ಣದ ಕೈ ಹಿಡಿದು, ಕಣ್ಣು ತುಂಬಿಕೊಂಡು, ತಮ್ಮ ಫ್ರೆಂಚಿನಲ್ಲಿ ಏನೋ ಹೇಳಿದರು. ಮಾಸ್ತರರಿಗೂ ಆ ಭಾಷೆ ಬರುತ್ತಿರಲಿಲ್ಲ.

ಬಸ್ಸಿನಲ್ಲಿ ಅವ್ವಮ್ಮ ಕೇಳಿದಳು: “ಆಕಿ ಬೈದ್ರೇನ್ರಿ, ಹೊಗಳಿದ್ರೇನ್ರಿ?”

“ಅತ್ತರಲ್ಲ?”

“ಅತ್ರು. ಆದ್ರ ಯಾಕ?”

ಚಿತ್ರಗಳು ವಾರವಿಡೀ ಅವ್ವಮ್ಮ ಕೊಟ್ಟ ಸಾಲಿನಲ್ಲೇ ಇದ್ದವು.